ಒಣ ಉಸುಕು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಕೊಲ್ಹಾಪುರದ ಬಳಿ ಶಿರೋಳಿ ಕೈಗಾರಿಕಾ ಪ್ರದೇಶದ ಕಡೆ ಅಗ್ನಿಶಾಮಕ ಅಧಿಕಾರಿಯಾಗಿದ್ದೆ. ಒಂದು ಬೆಳಿಗ್ಗೆ ಉಸುಕಿನ ಅಚ್ಚಿನಲ್ಲಿ ಲೋಹ ಎರಕ ಹೊಯ್ಯುವ ಸಣ್ಣ ಫೌಂಡ್ರಿಯೊಂದರಿಂದ ಕರೆ ಬಂತು. ಮ್ಯಾಗ್ನೀಷಿಯಂ ಲೋಹದ ಚೂರು ತುಂಬಿಟ್ಟಿದ್ದ ಡ್ರಮ್ಮಿಗೆ ಬೆಂಕಿ ಹತ್ತಿತ್ತು.

ನಾವು ಹೋಗುವಷ್ಟರಲ್ಲಿ ಕೆಲಸಗಾರನೊಬ್ಬ ಒಂದು ಬಕೆಟ್ ನೀರು ಎರಚಿದ್ದ. ಬೆಂಕಿ ಆರುವ ಬದಲು ಸಿಡಿದು ಅವನ ಕೈ ಸುಟ್ಟಿತ್ತು. ವೆಲ್ಡಿಂಗಿನಂತೆ ಕಣ್ಣು ಕುಕ್ಕುವ ಬಿಳಿ ಬೆಳಕು. ಹತ್ತು ಹೆಜ್ಜೆ ಆಚೆ ಗ್ಯಾಸ್ ಸಿಲಿಂಡರುಗಳ ಸಾಲು. ಅವನ್ನು ಹೊರಗೆ ಸಾಗಿಸಲು ಇಬ್ಬರನ್ನು ಕಳಿಸಿ, ನೀರಿನ ಪೈಪ್ ಬಿಚ್ಚಬೇಡಿ ಎಂದೆ. ಲೋಹದ ಬೆಂಕಿಗೆಂದೇ ಇರುವ ಪುಡಿ ನಮ್ಮಲ್ಲಿದ್ದದ್ದು ಸ್ವಲ್ಪವೇ, ಬೇಗ ಮುಗಿಯಿತು. ಫೌಂಡ್ರಿಯಲ್ಲಿ ಉಸುಕಿಗೇನು ಕೊರತೆ? ಅಚ್ಚು ಮಾಡುವ ಜಾಗದಲ್ಲಿದ್ದ ಕರಿ ಉಸುಕಿನ ರಾಶಿ ತೋರಿಸಿ, ಸುರಿಯಿರಿ ಎಂದೆ.

“ಥಾಂಬ್ರಿ ಸಾಹೇಬ್ರ, ನಿಲ್ರಿ,” ಎಂದು ಹೆಂಗಸೊಬ್ಬಳು ಅಡ್ಡ ಬಂದಳು. ಹೆಸರು ಸುನಂದಾ, ಅಲ್ಲಿಯೇ ಹತ್ತು ವರ್ಷದಿಂದ ಉಸುಕು ಹದ ಮಾಡುವವಳು. “ಅದು ಹಸಿ ಉಸುಕ ಐತ್ರಿ. ಮುಟಗಿ ಹಿಡದ ನೋಡ್ರಿ.”

ಹಿಡಿದೆ. ಉಂಡೆಯಾಗಿ ನಿಂತಿತು. ಅಚ್ಚು ಕುಸಿಯದಿರಲೆಂದು ಅದಕ್ಕೆ ನೀರು ಬೆರೆಸಿದ್ದರು. ಸಲಿಕೆ ತುಂಬಿಕೊಂಡು ನಿಂತಿದ್ದ ನನ್ನ ಹುಡುಗರಿಗೆ, ಸುರಿಯಬೇಡಿ ಎಂದು ಕೂಗಿದೆ.

“ಒಳಗ ಹುರದಿಟ್ಟ ಉಸುಕ ಐತಿ. ಇನ್ನೂ ಏನೂ ಕಲಸಿಲ್ಲ,” ಎಂದವಳು ಚೀಲ ಎಳೆಯತೊಡಗಿದಳು.

ಅದನ್ನು ಮೆಲ್ಲಗೆ ಹರವುತ್ತಾ ಹೋದೆವು. ಬೆಳಕು ಹಳದಿಯಾಗಿ, ಕೆಂಪಾಗಿ, ಕೊನೆಗೆ ಕಾಣದಾಯಿತು. ಒಳಗಿನ ಕಾವು ಇಳಿಯುವವರೆಗೆ ಯಾರೂ ಕೆದಕದಂತೆ ಕಾವಲು ಇಟ್ಟೆವು.

ಆಮೇಲೆ ಸುನಂದಾ ಕೇಳಿದಳು: “ನೀರ ಹಾಕಿದ್ರ ಬೆಂಕಿ ಆರಬೇಕಲ್ರಿ. ಇದ್ಯಾಕ ಹಿಂಗ ಹೆಚ್ಚಾತು?”

ಅವಳಿಗೆ ವಿವರಿಸಿದೆ. ಬೆಂಕಿಗೆ ಉರಿಯುವ ವಸ್ತು, ಕಾವು, ಆಮ್ಲಜನಕ ಮೂರೂ ಬೇಕು. ಕಟ್ಟಿಗೆಯ ಬೆಂಕಿಗೆ ನೀರು ಹಾಕಿದರೆ ಕಾವು ಇಳಿಯುತ್ತದೆ. ಆದರೆ ಉರಿಯುತ್ತಿರುವ ಮ್ಯಾಗ್ನೀಷಿಯಂ ನೀರಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತದೆ. ಉಳಿದ ಜಲಜನಕ ತಾನೂ ಉರಿಯುವ ಅನಿಲ. ಒಣ ಉಸುಕು ಗಾಳಿಯನ್ನು ತಡೆಯುತ್ತದೆ.

ಅವಳೆಂದಳು: “ಅಂದ್ರ ಅಂವಾ ಬಕೆಟ್‌ನ್ಯಾಗ ಬೆಂಕಿಗೆ ಊಟಾನ ಒಯ್ದು ಕೊಟ್ಟಾನ್ರಿ.”

ಇಷ್ಟು ಸರಳವಾಗಿ ನಾನು ತರಬೇತಿಯಲ್ಲಿ ಎಂದೂ ಹೇಳಿರಲಿಲ್ಲ. ಆ ದಿನದ ನಂತರ ಯಾವ ಕಾರ್ಖಾನೆಗೆ ಹೋದರೂ, ಉರಿಯುತ್ತಿರುವುದು ಏನೆಂದು ತಿಳಿದ ಕೂಡಲೇ ಮ್ಯಾನೇಜರನ್ನು ಬಿಟ್ಟು, ಅದನ್ನೂ ಅದನ್ನು ಆರಿಸಲು ಅಲ್ಲಿ ಸಿಗುವುದನ್ನೂ ದಿನಾ ಕೈಯಲ್ಲಿ ಮುಟ್ಟುವವರು ಯಾರೆಂದು ಕೇಳುತ್ತಿದ್ದೆ.