ಗೋರಿಕಾಯಿ ಪುಡಿ

ನನ್ನ ಓರಗಿತ್ತಿಗೆ ಮುದ್ದೆ ಮಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವಳಿಗೆ ಬಾರದ್ದು ಅದೊಂದೇ. ಮಾತು ಬರುತ್ತದೆ, ಹಾಡು ಬರುತ್ತದೆ, ನಮ್ಮತ್ತೆಯನ್ನು ನಗಿಸುವುದೂ ಬರುತ್ತದೆ. ನಾನು ಹುಡುಕಿಕೊಂಡ ಕೆಲಸಕ್ಕೇ ನನ್ನ ಬೆನ್ನ ಹಿಂದೆ ಬಂದು ಸೇರಿದಳು.

ಬಂಗಾರಪೇಟೆಯಿಂದ ಒಂದೇ ಬಸ್ಸಿನಲ್ಲಿ ಕೆಜಿಎಫ್‌ಗೆ ಹೋಗಿ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ದುಡಿಯುತ್ತಿದ್ದೆವು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಕಿ ಗಾಳಿ ಊದಿದರೆ ತಾಮ್ರ ನೊರೆಗೆ ಅಂಟಿ ಮೇಲೆ ಬರಬೇಕು, ಬೇಡದ ಕಬ್ಬಿಣದ ಖನಿಜ ಪೈರೈಟ್ ತಳದಲ್ಲೇ ಉಳಿಯಬೇಕು. ಪೈರೈಟನ್ನು ಅದುಮಿಡಲು ಹಿಂದೆ ಸೈನೈಡ್ ಹಾಕುತ್ತಿದ್ದೆವು. ಕಿಟಕಿ ತೆರೆದರೆ ಹಳೆಯ ಗಣಿಯ ಕಸದ ಸೈನೈಡ್ ಗುಡ್ಡ ಕಾಣುವ ಊರಿನಲ್ಲಿ ಇನ್ನೂ ಆ ವಿಷ ಬೇಡವೆಂದು ಸಾಹೇಬರು ಗೋರಿಕಾಯಿ ಬೀಜದ ಅಂಟಿನ ಪುಡಿ ತರಿಸಿದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು: ನಿಮ್ಮಲ್ಲಿ ಒಬ್ಬರನ್ನೇ ಉಳಿಸಿಕೊಳ್ಳಲು ಆಗುವುದು, ಇಬ್ಬರೂ ಈ ಪುಡಿಯಲ್ಲಿ ಮಾಡಿ ತೋರಿಸಿ.

ಮೊದಲು ನಾನು. ಕುದಿಯುವ ನೀರಿಗೆ ಪುಡಿಯನ್ನು ಒಟ್ಟಿಗೇ ಸುರಿದು, ನಡುವೆ ಗುಡ್ಡೆಯಾಗಿ ಬೇಯಲು ಬಿಟ್ಟು, ಆಮೇಲೆ ತಿರುವಿದೆ. ಹಿಟ್ಟು ಕಂಡರೆ ನನ್ನ ಕೈ ತಾನಾಗಿ ಮಾಡುವುದೇ ಅದು. ಈ ಪುಡಿಯೋ ಹೊರಗೆ ಲೋಳೆ, ಒಳಗೆ ಒಣಕಲು. ಗಂಟುಗಳನ್ನು ತೆಗೆದು ಉಳಿದ ತೆಳು ನೀರನ್ನೇ ಹಾಕಿದೆ. ನೊರೆಯ ತುಂಬಾ ಪೈರೈಟ್ ಫಳಫಳ ಹೊಳೆಯುತ್ತಾ ಮೇಲೆ ಬಂತು.

ಅವಳ ಸರದಿಯಲ್ಲಿ ಪೈರೈಟ್ ತೆಪ್ಪಗೆ ತಳದಲ್ಲೇ ಕೂತಿತ್ತು. ಅವಳ ನೊರೆಯನ್ನು ಸಾಹೇಬರು ಬಗ್ಗಿ ಬಗ್ಗಿ ನೋಡುತ್ತಿದ್ದರೆ ನಾನು ನನ್ನ ಗಂಟುಗಳನ್ನು ಕಸದ ಬುಟ್ಟಿಗೆ ಸುರಿಯುತ್ತಿದ್ದೆ.

ಬಸ್ಸಿನಲ್ಲಿ ತಡೆಯಲಾಗದೆ ಕೇಳಿದೆ. "ಏನೇ ಮಾಡ್ದೆ ನೀನು?"

"ತಣ್ಣೀರ್ನಾಗೆ ಚೂರ್ ಚೂರೇ ಉದುರಿಸಿ ಕಲಸ್ದೆ ಅಕ್ಕಾ, ಅಂಬ್ಲಿಗೆ ಕಲಸ್ದಂಗೆ. ಮುದ್ದೆ ತಿರುವೋದು ನಂಗೆಲ್ಲಿ ಬತ್ತದೆ?"

ಅವಳು ಅಣಕಿಸಿ ಹೇಳಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ನಿಜವಾಗಿ ನಾಚಿಕೊಂಡೇ ಹೇಳಿದಳು.

ಮನೆಯಲ್ಲಿ ಕೆಲಸ ಅವಳಿಗೇ ಉಳಿಯಿತೆಂಬ ಸುದ್ದಿ ಕೇಳಿದ ಅತ್ತೆ, "ಒಳ್ಳೇದೇ ಆಯ್ತು ಬಿಡು," ಎಂದರು. "ಇನ್ಮ್ಯಾಕೆ ದಿನಾ ಮುದ್ದೆ ನಿನ್ ಕೈದೇ. ಅವಳ್ ಗಂಟು ನುಂಗಿ ನುಂಗಿ ಸಾಕಾಗೋಗದೆ."

ಈಗ ಬೆಳಗಾದರೆ ನಾನು ಮುದ್ದೆ ಕಟ್ಟುತ್ತೇನೆ. ಹುಡುಕಿದರೂ ಒಂದು ಗಂಟು ಸಿಗುವುದಿಲ್ಲ. ಅವಳು ಅದನ್ನು ಡಬ್ಬಿಗೆ ಹಾಕಿಕೊಂಡು ನನ್ನ ಬಸ್ಸು ಹತ್ತುತ್ತಾಳೆ.