ಟ್ಯೂಬ್‌ಲೈಟಿನಲ್ಲಿ ನೋಡಿದ ಕಣ್ಣು

ನೂಲಿನ ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಬೆಳಕಿನಲ್ಲಿ ಕೆನೆಬಣ್ಣವೂ ಬಿಳಿಯೂ ಒಂದೇ. ಹೊಸ ನೂಲು ಬಂದರೆ ಹೊರಗೆ ಬಿಸಿಲಿಗೆ ಒಯ್ದು, ಹಳೆಯ ಸೀರೆಯ ಅಂಚಿಗೆ ಹಿಡಿದು ನೋಡುತ್ತೇವೆ. ಬಣ್ಣ ಗುರುತಿಸುವುದರಲ್ಲಿ ನನ್ನ ಕಣ್ಣಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಆ ಜಂಬವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಕಣ್ಣು ಹಳದಿಯಾಯಿತು. ಕಾಮಾಲೆ ಎಂದುಕೊಂಡು ನಾಟಿ ಔಷಧಿ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಎರಡು ವಾರ ಕಳೆದೆವು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದಳು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ರಿಪೋರ್ಟು ನೋಡಿ, "ಇದು ನೀವಂದ್ಕೊಂಡ ಕಾಮಾಲೆ ಅಲ್ಲಪ್ಪ. ಇವ್ರ ಮೈಯೇ ಇವ್ರ ರಕ್ತಾನ ಒಡೆದು ಹಾಕ್ತಿದೆ. ಈ ಹಳದಿ ಅದರದ್ದು" ಎಂದರು.

ರಕ್ತ ಕೊಡಬೇಕಿತ್ತು. ನಾನು, ನನ್ನ ತಮ್ಮ, ಬೀದಿಯ ಇನ್ನೂ ಮೂವರು ಹೋದೆವು. ರಕ್ತದ ಗುಂಪು ಸೇರಿದವರದೂ ಪರೀಕ್ಷೆಯಲ್ಲಿ ಹೊಂದಲಿಲ್ಲ. ಯಾರ ರಕ್ತ ತಂದರೂ ಅವಳ ರಕ್ತ ಅದರ ಮೇಲೆ ಜಗಳಕ್ಕೆ ಬೀಳುತ್ತಿತ್ತು. "ಪೂರ್ತಿ ಹೊಂದೋದು ಸಿಗಲ್ಲ, ಕಾಯೋಕೂ ಆಗಲ್ಲ. ಇದ್ದಿದ್ರಲ್ಲಿ ಕಡಿಮೆ ಜಗಳ ಆಡೋದನ್ನ ಕೊಡ್ತೀವಿ" ಎಂದರು ಡಾಕ್ಟರಮ್ಮ. ಇಳಿಯುತ್ತಿದ್ದ ಆ ರಕ್ತದ ಒಂದೊಂದು ತೊಟ್ಟನ್ನೂ ನಾನು ಎಣಿಸುತ್ತಾ ಕೂತಿದ್ದೆ. ಅವಳೇ ನಕ್ಕಳು. "ನಮ್ಮಿಬ್ರದೂ ಜಾತಕ ಕೂಡಿರ್ಲಿಲ್ಲ. ಹದಿನೆಂಟು ವರ್ಷ ನಡೀಲಿಲ್ವಾ? ಇದೂ ನಡೆಯುತ್ತೆ ಬಿಡಿ."

ನಡೆಯಿತು. ಜೊತೆಗೆ ರಕ್ತ ಒಡೆಯುವುದನ್ನು ತಡೆಯಲು ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಹಾರ್ಮೋನಿನ ಜಾತಿಯ ಮದ್ದು. ಮನೆಗೆ ಬಂದ ಮೇಲೆ ಆ ಮದ್ದಿನಿಂದ ಅವಳಿಗೆ ವಿಪರೀತ ಹಸಿವು, ಮುಖ ಊದಿ ಗುಂಡಗಾಯಿತು. ನೋಡಿದವರೆಲ್ಲ ಮೈಕೈ ತುಂಬಿಕೊಂಡಳು ಎಂದರು. ನಾನೂ ಹಾಗೇ ನಂಬಿದೆ. ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸತೊಡಗಿದರು. "ಇಳಿಸುವಾಗಲೇ ರೋಗ ತಿರುಗಿ ಬರೋದು. ದಿನಾ ಕಣ್ಣು ನೋಡಿ. ಹಳದಿ ಕಂಡ ದಿನವೇ ಕರ್ಕೊಂಡು ಬನ್ನಿ" ಎಂದು ನನಗೇ ಹೇಳಿದರು.

ಅದು ಶ್ರಾವಣದ ಸೀರೆಗಳ ಕಾಲ. ಪವರ್‌ಲೂಮನ್ನು ನಡುವೆ ನಿಲ್ಲಿಸಿದರೆ ಸೀರೆಯ ಮೈಮೇಲೆ ಗೆರೆ ಬೀಳುತ್ತದೆ. ಗೆರೆ ಬಿದ್ದ ಸೀರೆಯನ್ನು ನೂಲು ಕೊಟ್ಟು ನೇಯಿಸುವ ಸಾಹುಕಾರ ತಿರುಗಿ ಬಿಸಾಡುತ್ತಾನೆ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಮನೆಯವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತೇವೆ. ಪ್ರತಿ ಬೆಳಿಗ್ಗೆ ಅವಳು ಕಾಫಿ ತಂದಿಟ್ಟು, ಬೆರಳಿಂದ ಕೆಳರೆಪ್ಪೆ ಎಳೆದು ನಿಲ್ಲುತ್ತಿದ್ದಳು. ನಾನು ಟ್ಯೂಬ್‌ಲೈಟಿನಲ್ಲಿ ಬಗ್ಗಿ ನೋಡಿ, ಏನಿಲ್ಲ ಎಂದು ಕೈಯಾಡಿಸುತ್ತಿದ್ದೆ. ಒಂದು ದಿನ ನನ್ನ ಕಿವಿಗೇ ಬಾಯಿಟ್ಟು, "ಆಚೆ ಬಂದು ನೋಡಿ ಒಂದ್ಸಲ" ಎಂದಳು. "ಈ ಸೀರೆ ಮಗ್ಗದಿಂದ ಇಳೀಲಿ ತಡಿ" ಎಂದೆ.

ಅದಾಗಿ ಮೂರನೇ ದಿನ ಕರೆಂಟು ಹೋಯಿತು. ಮಗ್ಗ ತಾನಾಗಿಯೇ ನಿಂತಿತು. ಮೈ ಒರೆಸಿಕೊಳ್ಳುತ್ತಾ ಹೊರಗೆ ಬಂದೆ. ಅವಳು ಜಗಲಿಯ ಬಿಸಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಅರಿಶಿನ ಕದಡಿದ ನೀರಿನ ಹಾಗಿತ್ತು. ಒಂದು ದಿನದ ಹಳದಿ ಅದಲ್ಲ, ಬಣ್ಣ ಬಲ್ಲವನಿಗೆ ಅಷ್ಟು ಗೊತ್ತಾಗುತ್ತದೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ದಿನಾ ನೋಡ್ತಿದ್ರಲ್ಲ" ಎಂದಳು. ಬೈಗುಳವಲ್ಲ. ನಿಜಕ್ಕೂ ಅವಳಿಗೆ ಅರ್ಥವಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಮತ್ತೆ ಅದೇ ಹೊಂದದ ರಕ್ತ, ಇನ್ನೂ ದೊಡ್ಡ ಮದ್ದು. ಈ ಸಲ ಕೊಟ್ಟ ರಕ್ತವೂ ಒಡೆದುಹೋಯಿತು. ನಾಲ್ಕನೇ ದಿನ ಮಧ್ಯಾಹ್ನ ಹೃದಯ ನಿಂತಿತು. ಒಂದು ವಾರ ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಭುಜ ಮುಟ್ಟಿ ಮುಂದಿನ ಹಾಸಿಗೆಯ ಕಡೆ ನಡೆದರು. ಅವಳನ್ನು ಕೊಂದದ್ದು ನನ್ನ ಅಸಡ್ಡೆ ಎಂದು ನನಗೆ ಗೊತ್ತು.

ತಿಥಿಯಾದ ಮೇಲೆ, ಮಗ್ಗದಲ್ಲಿ ಅರ್ಧಕ್ಕೆ ನಿಂತಿದ್ದ ಆ ಸೀರೆಯನ್ನು ತಮ್ಮ ನೇಯ್ದು ಇಳಿಸಿದ. ನಾನು ಅದನ್ನು ಹೊರಗೆ ಬಿಸಿಲಿಗೆ ಒಯ್ದು ಬಿಡಿಸಿ ನೋಡಿದೆ. ಕರೆಂಟು ಹೋದ ಜಾಗದಲ್ಲಿ ಗೆರೆ ಬಿದ್ದಿತ್ತು.