ನನ್ನ ಟ್ರಂಕು ತೆರೆದ ರೂಮ್‌ಮೇಟ್

ಬರೆಯುವ ಅಭ್ಯಾಸ ನನಗಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ನಿರೂಪಣೆಯಲ್ಲಿ ಲೋಪಗಳಿದ್ದರೆ, ನಡುವೆ ದ್ವೇಷ ಇಣುಕಿದರೆ, ಓದುಗರು ಕ್ಷಮಿಸಬೇಕು.

ನನ್ನ ರೂಮ್‌ಮೇಟಿನ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣದ್ದು. ಕಚೇರಿಯೊಂದರ ಸಿಬ್ಬಂದಿ ವಿಭಾಗದಲ್ಲಿ ದಿನವಿಡೀ ಮೊಹರು ಒತ್ತಿ ಹತ್ತಿದ ಶಾಯಿ ಅದು. ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಕೆ ಧಾರವಾಡದವರು, ವಯಸ್ಸಿನಲ್ಲಿ ಬಹಳ ಹಿರಿಯರು. ನಾನು ತೊಳೆದಿಟ್ಟ ಲೋಟವನ್ನು ಮೂಸಿ, ನನ್ನೆದುರಿಗೇ ಮತ್ತೆ ತೊಳೆಯುತ್ತಿದ್ದರು. ನಾನು ಮನೆಗೆ ಫೋನ್ ಮಾಡಿದರೆ ಬೆನ್ನ ಹಿಂದೆ ನಿಂತು ಬಟ್ಟೆ ಮಡಚುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಆಕೆಯ ಲ್ಯಾಪ್‌ಟಾಪಿನಲ್ಲಿ ಥ್ರಿಲ್ಲರ್ ಸಿನಿಮಾ ನೋಡಿದೆವು. ಒಬ್ಬಳು ತನ್ನ ರೂಮ್‌ಮೇಟಿನ ಉಡುಪು, ಸಹಿ, ಕೊನೆಗೆ ಪ್ರಮಾಣಪತ್ರಗಳನ್ನೂ ಕದ್ದು ಅವಳ ಕೆಲಸಕ್ಕೇ ಸೇರಿಬಿಡುತ್ತಾಳೆ. ನಾನು ಬೆವೆತಿದ್ದೆ. ಆಕೆ ನಕ್ಕರು.

“ತಪ್ಪು ಕದ್ದಾಕೀದಲ್ಲ. ಕಾಗದಪತ್ರ ಹೆಂಗ ಇಟ್ಕೋಬೇಕಂತ ಗೊತ್ತಿಲ್ದ ಆ ದಡ್ಡೀದು.”

ಅಂದಿನಿಂದ ನಾನು ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡತೊಡಗಿದೆ.

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಂದು ಸೋಮವಾರ ಮೂಲ ಪದವಿ ಪ್ರಮಾಣಪತ್ರವನ್ನು ಪರಿಶೀಲನೆಗೆ ಒಪ್ಪಿಸಬೇಕಿತ್ತು. ತಪ್ಪಿದರೆ ಊರಿಗೆ ವಾಪಸು. ಆ ಪ್ರಮಾಣಪತ್ರಕ್ಕೆ ಗೆದ್ದಲು ಹಿಡಿದೀತೆಂದು ಅಪ್ಪ ಗಟ್ಟಿಯಾಗಿ ಲ್ಯಾಮಿನೇಷನ್ ಮಾಡಿಸಿ, ಊರಿಗೆಲ್ಲ ತೋರಿಸಿದ್ದರು. ಪರಿಶೀಲನೆಗೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ ಟ್ರಂಕು ತೆರೆದರೆ ಅದಿರಲಿಲ್ಲ. ಕೀಲಿಯೇನೋ ನಾನು ಹೂತಿಟ್ಟಂತೆಯೇ ಅಕ್ಕಿಯಲ್ಲಿ ಸಿಕ್ಕಿತ್ತು. ಮುಚ್ಚಳದ ಒಳಗೆ ನೇರಳೆ ಹೆಬ್ಬೆಟ್ಟಿನ ಗುರುತಿತ್ತು.

ಮಧ್ಯಾಹ್ನ ಆಕೆ ಹೊರಗಿನಿಂದ ಬಂದಾಗ, ನಾವು ಮಾಶಿಮಾ ಎನ್ನುತ್ತಿದ್ದ ಮನೆಯೊಡತಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಈಕೆ ಕಳ್ಳಿ ಎಂದು ಹಿಂದಿಯಲ್ಲಿ ಕೂಗಿದೆ: “ಯೇ ಚೋರ್ ಹೈ, ಮಾಶಿಮಾ!”

ಆಕೆ ಚೀಲದಿಂದ ಫೈಲೊಂದನ್ನು ತೆಗೆದು ಮಂಚದ ಮೇಲೆ ಎಸೆದರು. ಒಳಗೆ ನನ್ನ ಪ್ರಮಾಣಪತ್ರ. ಪ್ಲಾಸ್ಟಿಕ್ ಇರಲಿಲ್ಲ. ಒಂದು ಮೂಲೆ ಹರಿದಿತ್ತು, ಮುದ್ರೆ ಉಳಿದಿತ್ತು.

“ಲ್ಯಾಮಿನೇಶನ್ ಮಾಡಿದ್ ಒರಿಜಿನಲ್ ನಾವು ತಗೋಳಂಗಿಲ್ಲ, ಹೊಳ್ಳಿ ಒಗೀತೀವಿ. ನಿಮ್ಮ ಆಫೀಸಿನ್ಯಾಗೂ ಅಷ್ಟ. ಅಪ್ಪ ಪ್ಲಾಸ್ಟಿಕ್ ಹಾಕ್ಸ್ಯಾನ, ಚಿಂತಿಲ್ಲ ಅಂತ ನಿಮ್ಮವ್ವಗ ಫೋನಿನಾಗ ಹೇಳಾಕತ್ತಿದ್ದಿ. ಸಿಯಾಲ್ದಾದಾಗ ಬೈಂಡಿಂಗ್ ಮಾಡೋ ಮುದುಕ ಬಿಸಿ ಕೊಟ್ಟು ಬಿಡಿಸ್ಯಾನ.”

“ನನ್ನನ್ನು ಕೇಳಬಹುದಿತ್ತಲ್ಲ? ಪೂರ್ತಿ ಹರಿದಿದ್ದರೆ?”

“ಕೇಳಿದ್ರ ಕೊಡ್ತಿದ್ದೇನ? ಅಕ್ಕಿ ಡಬ್ಬ್ಯಾಗ ಕೀಲಿ ಹುಗಿಯಾಕಿ! ಒಂದಿನ ಅನ್ನದಾಗ ಬೇಯಿಸಿ ಬಡಿಸ್ತೀ ಅಂತ ನಾನೇ ಅಂಜಿದ್ದೆ.”

ಮಾಶಿಮಾಗೆ ನಮ್ಮ ಕನ್ನಡದ ಒಂದು ಮಾತೂ ತಿಳಿಯಲಿಲ್ಲ, “ಪೊಲೀಸ್?” ಎಂದರು. ನಾನು ತಲೆಯಾಡಿಸಿ ಬೇಡವೆಂದೆ.

ನಾನು ಕ್ಷಮೆ ಕೇಳಲಿಲ್ಲ. ಆಕೆ ಮತ್ತೆ ನನ್ನೊಡನೆ ಮಾತಾಡಲಿಲ್ಲ. ತಿಂಗಳು ತುಂಬುತ್ತಲೇ ಬಾರಾನಗರಕ್ಕೆ ಕೋಣೆ ಬದಲಿಸಿದರು. ನನ್ನ ಬೀಗ ತೆರೆದ ಆ ಕೈಯನ್ನು ಇಂದಿಗೂ ನಾನು ಮೆಚ್ಚಲಾರೆ. ಆದರೆ ಸೋಮವಾರ ಪರಿಶೀಲನೆಗೆ ನನ್ನ ಮುಂದೆ ನಿಂತಿದ್ದ ಹುಡುಗನ ಲ್ಯಾಮಿನೇಟ್ ಮಾಡಿದ ಪತ್ರವನ್ನು ಅಧಿಕಾರಿ ನೋಡದೆಯೇ ಹಿಂದಿರುಗಿಸಿದರು. ನನ್ನದಕ್ಕೆ ಸಹಿ ಬಿತ್ತು.

ಕೆಲಸ ಖಾಯಂ ಆಯಿತು. ಅಪ್ಪ ಕಲ್ಲುಕ್ವಾರಿಯ ಕೂಲಿ ಬಿಟ್ಟರು. ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ಅಮ್ಮ ಈಗ ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಮಲಗುತ್ತಾಳೆ.